ಶೆಲ್ಲು ತಿನ್ನೋ ಬೋರ್ಡ್‌ನ ಮಲಗಸೋದು ಹೆಂಗ

ಹೋದ ಸೀಸನ್‌ದಾಗ ತಿಕೋಟಾ ಕಡೆ ನಮ್ಮ ಮಾಮಾರ ಒಣದ್ರಾಕ್ಷಿ ಶೆಡ್‌ನಾಗ ಒಂದು ಸಣ್ಣ ಡಬ್ಬಿ ತೂಗಹಾಕಿದ್ದೆ, ತಾಸಿಗೊಮ್ಮೆ ಬಿಸಿ ಎಷ್ಟು ತೇವ ಎಷ್ಟು ಅಂತ ಅಳದು ಬರದಿಟ್ಕೋಬೇಕು, ಅಷ್ಟ ಅದರ ಕೆಲಸ. ದ್ರಾಕ್ಷಿ ಜಾಳಗಿ ಮ್ಯಾಲ ಹರವಿದ್ರ ಒಣಗಾಕ ಹದಿನೈದು ಇಪ್ಪತ್ತು ದಿನ ಬೇಕು, ನಡುವ ಅಡ್ಡಮಳಿ ಬಂದು ಗಾಳ್ಯಾಗ ತೇವ ಏರಿತಂದ್ರ ಬಣ್ಣ ಕೆಡತೈತಿ, ಬಣ್ಣ ಕೆಟ್ರ ರೇಟು ಬೀಳತೈತಿ, ಅದಕ್ಕ ಈ ಉಸಾಬರಿ. ಎರಡು ದಿನ ಆಗಿತ್ತೋ ಇಲ್ಲೋ ಮಾಮಾ ಫೋನ್ ಮಾಡಿದ್ರು, "ಏನಪಾ, ನಿನ್ನ ಡಬ್ಬಿ ದೀಪ ಆರೇತಲ್ಲ." ಹೋಗಿ ನೋಡಿದ್ರ ಆರು ಶೆಲ್ಲೂ ಖಾಲಿ. ಹೊಸಾವು ಹಾಕಿದೆ, ಅವೂ ಎರಡ ದಿನ. "ಮಣೂಕ ಮಾರಿದ ರೊಕ್ಕ ಎಲ್ಲಾ ನಿನ್ನ ಶೆಲ್ಲಿಗೇ ಹಾಕೋದಾತು" ಅಂತ ಮಂದಿ ಮುಂದ ಅಂದ್ರು, ನನಗ ಮಾರಿ ಎತ್ತಾಕ ಆಗಲಿಲ್ಲ.

ತಪ್ಪು ನಂದ. ಆರ್ಡುವಿನೋ ಊನೋ ಅನ್ನೋ, ಪ್ರೋಗ್ರಾಮ್ ಬರದು ನಡಸೋ ಸಣ್ಣ ಚಿಪ್ಪಿನ ಬೋರ್ಡ್ ತಗೊಂಡು ಡಿಲೇ, ಅಂದ್ರ "ಇಷ್ಟು ಹೊತ್ತು ಕಾಯಿ" ಅನ್ನೋ ಸಾಲು, ಹಾಕಿ ತಾಸುಗಟ್ಲೆ ಕಾಯಸ್ತಿದ್ದೆ. ಡಿಲೇ ಅಂದ್ರ ಚಿಪ್ಪು ಸುಮ್ನ ಕುಂತೈತಿ ಅಂತ ನಾವು ತಿಳ್ಕೋತೀವಿ, ಸುಮ್ನ ಕುಂತಿರಂಗಿಲ್ಲ, ನಿಂತಲ್ಲೇ ಓಡತಿರ್ತೈತಿ, ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಕ್ಲಾಕ್ ಬಡಿತ "ಟೈಮ್ ಆತೇನು, ಟೈಮ್ ಆತೇನು" ಅಂತ ಕೇಳೋದ್ರಾಗ ಹೋಗ್ತಾವ. ಇಡೀ ಬೋರ್ಡ್ ನನ್ನ ಮೀಟರಿನಾಗ 45 ಮಿಲಿಆಂಪ್ ಎಳೀತಿತ್ತು. ಒಂದು ಒಳ್ಳೆ ಆಲ್ಕಲೈನ್ ಪೆನ್‌ಶೆಲ್ಲಿನಾಗ ಸುಮಾರು 2000 ಮಿಲಿಆಂಪ್ ತಾಸು ಇರ್ತೈತಿ ಅಂತ ಹಿಡೀರಿ, ಆರೂ ಶೆಲ್ಲು ಒಂದರ ಹಿಂದ ಒಂದು ಸರಣಿಯೊಳಗ ಇದ್ರ ವೋಲ್ಟ್ ಅಷ್ಟ ಕೂಡತೈತಿ, ಇದು ಕೂಡಂಗಿಲ್ಲ, ಭಾಗ ಹಾಕಿದ್ರ 44 ತಾಸು. ಎರಡು ದಿನಾನೂ ಪೂರಾ ಇಲ್ಲ. ಇದನ್ನ ಮೊದಲ ಕಾಗದದ ಮ್ಯಾಲ ಹಾಕಿ ನೋಡಿದ್ರ ಮಾಮಾರ ಕಡೆ ಅನ್ನಿಸ್ಕೋಳೋದು ತಪ್ಪತಿತ್ತು.

ಅದಕ್ಕ ಮೊದಲ ಲೆಕ್ಕ. ನಿಮ್ಮ ಡಬ್ಬಿ ಎಷ್ಟು ದಿನ ನಡೀಬೇಕು, ಶೆಲ್ಲಿನಾಗ ಎಷ್ಟೈತಿ, ಭಾಗ ಹಾಕಿದ್ರ ಸರಾಸರಿ ಎಷ್ಟು ಎಳೀಬಹುದು ಅಂತ ಗೊತ್ತಾಗ್ತೈತಿ. ಮೂರು ವಾರ ಅಂದ್ರ 504 ತಾಸು, ಸರಾಸರಿ 1 ಮಿಲಿಆಂಪ್ ಎಳದ್ರೂ ಕಾಲು ಭಾಗ ಶೆಲ್ಲು ಸಾಕು, ಮೈಕ್ರೋಆಂಪ್ ಹಿಂದ ಬಿದ್ದು ತಲಿ ಕೆಡಸ್ಕೋಳೋದು ಬ್ಯಾಡ. ನನಗ ಮೂರ್ನಾಕು ಸೀಸನ್ ಒಂದ ಸೆಟ್ ಶೆಲ್ಲಿನ ಮ್ಯಾಲ ನಡಸಬೇಕು ಅನ್ನೋ ಹಟ ಬಂತು, ಹಂಗಾಗಿ ಮುಂದ ಬರದದ್ದೆಲ್ಲಾ ಹಟದ ಬಾಬತ್ತು.

ಕೋಡ್ ಮುಟ್ಟೋಕ್ಕಿಂತ ಮೊದಲ ಮೀಟರ್ ಹಿಡೀರಿ. ಇಲ್ಲೊಂದು ಹೊಂಡ ಐತಿ, ನಾನು ಒಂದು ಸಂಜಿ ಪೂರಾ ಅದರಾಗ ಬಿದ್ದಿದ್ದೆ. ಮಲ್ಟಿಮೀಟರ್‌ನ 200 ಮೈಕ್ರೋಆಂಪ್ ರೇಂಜಿಗೆ ಇಟ್ರ ಅದರೊಳಗ ಸುಮಾರು 1 ಕಿಲೋಓಮ್ ರೆಸಿಸ್ಟರ್ ಸರಣಿಯೊಳಗ ಬರತೈತಿ, ಚಿಪ್ಪು ಮಲಗಿದ್ದಾಗ ಏನೂ ಆಗಂಗಿಲ್ಲ, ಎದ್ದು 5 ಮಿಲಿಆಂಪ್ ಕೇಳಿತಂದ್ರ ಆ ರೆಸಿಸ್ಟರ್ ಮ್ಯಾಲೇ ಇಡೀ ವೋಲ್ಟೇಜ್ ಬಿದ್ದು ಚಿಪ್ಪಿಗೆ ಏನೂ ಉಳಿಯಂಗಿಲ್ಲ, ರೀಸೆಟ್ ಆಗ್ತೈತಿ, ಮತ್ತ ಏಳ್ತೈತಿ, ಮತ್ತ ರೀಸೆಟ್, ನೀವು ಕೋಡ್‌ನಾಗ ತಪ್ಪು ಹುಡುಕ್ಕೋತ ಕೂಡ್ತೀರಿ. ಉಪಾಯ ಸಾದಾ ಐತಿ, ಮೀಟರಿನ ಎರಡೂ ಕಡ್ಡಿಗೆ ಒಂದು ಕ್ಲಿಪ್ ವಾಯರ್ ಶಾರ್ಟ್ ಮಾಡಿ ಇಡ್ರಿ, ಬೋರ್ಡ್ ಶುರು ಆಗಿ ಮಲಗಿದ ಮ್ಯಾಲ ಕ್ಲಿಪ್ ತಗದು ಓದ್ರಿ, ಏಳೋ ಟೈಮಿಗೆ ಮತ್ತ ಹಚ್ರಿ.

ಆಮ್ಯಾಲ ಬೋರ್ಡ್. ಊನೋದಾಗ ಇರೋ ಎಟಿಮೆಗಾ 328ಪಿ ಚಿಪ್ಪು ಪವರ್ ಡೌನ್ ಮೋಡ್‌ನಾಗ, ಅಂದ್ರ ಎಲ್ಲಾಕಿಂತ ಆಳ ನಿದ್ದ್ಯಾಗ, 3 ವೋಲ್ಟಿಗೆ 0.1 ಮೈಕ್ರೋಆಂಪ್ ಅಷ್ಟ ಎಳೀತೈತಿ ಅಂತ ಡೇಟಾಶೀಟ್ (ಚಿಪ್ಪಿನ ಕಂಪನಿಯವರ ಮಾಹಿತಿ ಪುಸ್ತಕ) ಹೇಳತೈತಿ, ಖರೇನೂ ಐತಿ, ಆದ್ರ ಬೋರ್ಡ್ ಮ್ಯಾಲಿನ ಯುಎಸ್‌ಬಿ ಚಿಪ್ಪು, ರೆಗ್ಯುಲೇಟರ್, ಪವರ್ ಎಲ್‌ಇಡಿ ಇವ್ಯಾವೂ ಮಲಗಂಗಿಲ್ಲ. ಮನಿ ಯಜಮಾನ ಮಲಗಿದ್ರೂ ಬಂದ ಬೀಗರು ಚಾ ಕುಡಕೋತ ಕುಂತಂಗ. ಊನೋ ಇಟ್ಕೊಂಡು ಸ್ಲೀಪ್ ಕೋಡ್ ಬರದು "ಮೂವತ್ತು ಮಿಲಿಆಂಪ್ ಇನ್ನೂ ಹೋಗಾಕತ್ತೈತಿ" ಅಂತ ಅಳಬ್ಯಾಡ್ರಿ. ನಾನು ಅದೇ ಚಿಪ್ಪಿನ ಸಣ್ಣ ಬೋರ್ಡ್ ಪ್ರೋ ಮಿನಿ, 8 ಮೆಗಾಹರ್ಟ್ಜ್‌ದು, ತಗೊಂಡೆ, ಅದರ ಪವರ್ ಎಲ್‌ಇಡಿ ಕಿತ್ತೆ, ರೆಗ್ಯುಲೇಟರೂ ಕಿತ್ತೆ, ಮೂರು ಪೆನ್‌ಶೆಲ್ಲು ಸೀದಾ ವಿಸಿಸಿ, ಅಂದ್ರ ಚಿಪ್ಪಿಗೆ ಕರೆಂಟು ಹೋಗೋ ಪಿನ್ನಿಗೆ ಕೊಟ್ಟೆ. ಹೊಸಾ ಇದ್ದಾಗ ನಾಕೂವರಿ ಮ್ಯಾಲ ಸ್ವಲ್ಪ ವೋಲ್ಟ್, ಚಿಪ್ಪಿನ ಮಿತಿ 5.5, ಹಂಗಾಗಿ ಹೆದರಿಕಿಲ್ಲ. ನಾಕು ಶೆಲ್ಲು ಹಾಕಬ್ಯಾಡ್ರಿ ಮತ್ತ, ಆರು ದಾಟತೈತಿ.

ಈಗ ಮಲಗಸೋದು. ಈ ಚಿಪ್ಪಿನಾಗ ಆರು ಥರದ ನಿದ್ದಿ ಅದಾವ: ಐಡಲ್, ಎಡಿಸಿ (ವೋಲ್ಟೇಜ್ ಅಳದು ಸಂಖ್ಯೆ ಮಾಡೋ ಭಾಗ) ನಾಯ್ಸ್ ರಿಡಕ್ಷನ್, ಪವರ್ ಸೇವ್, ಪವರ್ ಡೌನ್, ಸ್ಟ್ಯಾಂಡ್‌ಬೈ, ಎಕ್ಸ್‌ಟೆಂಡೆಡ್ ಸ್ಟ್ಯಾಂಡ್‌ಬೈ. ಪಟ್ಟಿ ನೋಡಿ ಯಾವದರಾಗ ಎಷ್ಟು ಮೈಕ್ರೋಆಂಪ್ ಅಂತ ಹೋಲಿಸಿ ಆರಿಸಬ್ಯಾಡ್ರಿ, "ಇದನ್ನ ಎಬ್ಬಸೋರು ಯಾರು" ಅಂತ ಕೇಳ್ಕೋರಿ, ಉತ್ತರ ತಾನ ಬರತೈತಿ. ಸೀರಿಯಲ್‌ನಾಗ (ಕಂಪ್ಯೂಟರ್ ಜೋಡಿ ಮಾತಾಡೋ ವಾಯರ್) ಅಕ್ಷರ ಬಂದಾಗ ಏಳಬೇಕೇನು, ಹಂಗಾದ್ರ ಐಡಲ್, ಯಾಕಂದ್ರ ಅಲ್ಲಿ ಸಿಪಿಯು ಒಂದ ನಿಲ್ತೈತಿ, ಟೈಮರು, ಯುಆರ್ಟು (ಸೀರಿಯಲ್ ನೋಡ್ಕೋಳೋ ಭಾಗ) ಎಲ್ಲಾ ಓಡತಿರ್ತಾವ, ಉಳಿತಾಯನೂ ಅಷ್ಟಕ್ಕಷ್ಟ. ಅನಲಾಗ್ ರೀಡಿಂಗ್ ಸ್ವಚ್ಛ ಬೇಕು ಅಂದ್ರ ಎರಡನೇದು. 32.768 ಕಿಲೋಹರ್ಟ್ಜ್ ಗಡಿಯಾರದ ಕ್ರಿಸ್ಟಲ್ ಹಚ್ಚಿ ಟೈಮರ್ 2 ಕಡೆಯಿಂದ ಎಬ್ಬಸೋದಿದ್ರ ಪವರ್ ಸೇವ್. ಬಟನ್ ಒತ್ತಿದಾಗ, ಇಲ್ಲಾ ವಾಚ್‌ಡಾಗ್ (ಚಿಪ್ಪಿನೊಳಗ ತಾನ ಓಡೋ ಬ್ಯಾರೆ ಟೈಮರ್) ಬೊಗಳಿದಾಗ ಎದ್ರ ಸಾಕು ಅಂದ್ರ ಪವರ್ ಡೌನ್, ಅಲ್ಲಿ ಕ್ಲಾಕ್ ಬಡಿಯೋ ಮೇನ್ ಆಸಿಲೇಟರ್ರೇ ನಿಲ್ತೈತಿ. ಸ್ಟ್ಯಾಂಡ್‌ಬೈ ಅಂದ್ರ ಪವರ್ ಡೌನ್‌ದ ನಿದ್ದಿ, ಎಕ್ಸ್‌ಟೆಂಡೆಡ್ ಅಂದ್ರ ಪವರ್ ಸೇವ್‌ದ ನಿದ್ದಿ, ಎರಡರಾಗೂ ಆಸಿಲೇಟರ್ ಮಾತ್ರ ಬಂದ್ ಮಾಡಂಗಿಲ್ಲ, ಲಗೂನ ಏಳಬೇಕು ಅನ್ನೋರಿಗೆ. ಪವರ್ ಡೌನ್‌ನಿಂದ ಏಳುವಾಗ ಕ್ರಿಸ್ಟಲ್ ಸ್ಥಿರ ಆಗಾಕ 16 ಸಾವಿರ ಚಿಲ್ಲರೆ ಬಡಿತ ಕಾಯತೈತಿ, 8 ಮೆಗಾಹರ್ಟ್ಜ್‌ಗೆ ಸುಮಾರು 2 ಮಿಲಿಸೆಕೆಂಡ್, ತಾಸಿಗೊಮ್ಮೆ ಅಳಿಯೋ ಕೆಲಸಕ್ಕ ಇದೇನು ದೊಡ್ಡದಲ್ಲ.

ನಂದು ವಾಚ್‌ಡಾಗ್. ಅದು ಹೆಚ್ಚಂದ್ರ 8 ಸೆಕೆಂಡಿಗೆ ಎಬ್ಬಸ್ತೈತಿ, ಒಂದು ತಾಸಿಗೆ 450 ಸಲ ಎದ್ದು ಎಣಿಸಿ ಮತ್ತ ಮಲಗೋದು. ವಾಚ್‌ಡಾಗ್ ಓಡತಿದ್ರ ನಿದ್ದ್ಯಾಗ 3 ವೋಲ್ಟಿಗೆ 4.2 ಮೈಕ್ರೋಆಂಪ್ ಬೇಕು, ನನ್ನ ನಾಕೂವರಿ ವೋಲ್ಟಿಗೆ ಸ್ವಲ್ಪ ಜಾಸ್ತಿ. ಸೆಟ್ ಮಾಡುವಾಗ ಇಂಟರಪ್ಟ್ (ಚಿಪ್ಪನ್ನ ನಡುವ ಕರಿಯೋ ಸಂಕೇತ) ಮೋಡ್‌ಗೆ ಹಾಕ್ರಿ, ರೀಸೆಟ್ ಮೋಡ್‌ಗೆ ಹಾಕಿದ್ರ 8 ಸೆಕೆಂಡಿಗೊಮ್ಮೆ ಚಿಪ್ಪು ಹೊಸದಾಗಿ ಹುಟ್ಟತೈತಿ, ಎಣಿಕಿ ಯಾವತ್ತೂ ಒಂದರ ಮ್ಯಾಲ ಹೋಗಂಗಿಲ್ಲ. ಖಾಲಿ ಆದ್ರೂ ಸರಿ, ವಾಚ್‌ಡಾಗ್‌ದು ಒಂದು ಇಂಟರಪ್ಟ್ ಫಂಕ್ಷನ್ ಬರೀಲೇಬೇಕು.

ಮಲಗಸೋ ಕ್ರಮ ಹಿಂಗ. ಸೀರಿಯಲ್‌ನಾಗ ಏನರ ಪ್ರಿಂಟ್ ಮಾಡಿದ್ರ ಮೊದಲ ಫ್ಲಶ್ ಮಾಡ್ರಿ, ಅಂದ್ರ ಎಲ್ಲಾ ಅಕ್ಷರ ಹೋಗೋ ತನಕ ಕಾಯ್ರಿ, ಇಲ್ಲಂದ್ರ ಅಕ್ಷರ ಅರ್ಧಕ್ಕ ನಿಂತು ಸ್ಕ್ರೀನಿನಾಗ ಕಸ ಬರತೈತಿ. ಎಡಿಸಿ ಬಂದ್ ಮಾಡ್ರಿ, ಅದರ ಕಂಟ್ರೋಲ್ ರಿಜಿಸ್ಟರಿಗೆ (ಸ್ವಿಚ್ಚಿನಂಥ ಮೆಮೊರಿ ಜಾಗಾ) ಸೊನ್ನಿ ಬರದ್ರ ಆತು, ಇದನ್ನ ಮರತ್ರ ಎಷ್ಟ ಆಳ ನಿದ್ದಿ ಮಾಡಸ್ರಿ ನೂರಾರು ಮೈಕ್ರೋಆಂಪ್ ಸೋರತೈತಿ, ನಾನು ನೋಡಿದ ಮಂದಿ ಕೋಡ್‌ನಾಗ ಎಲ್ಲಾಕಿಂತ ಹೆಚ್ಚು ಇರೋ ತಪ್ಪು ಇದ. ಆಮ್ಯಾಲ ಸ್ಲೀಪ್ ಮೋಡ್ ಸೆಟ್ ಮಾಡ್ರಿ, ಇಂಟರಪ್ಟ್ ಬಂದ್ ಮಾಡ್ರಿ, ಸ್ಲೀಪ್ ಎನೇಬಲ್, ಬ್ರೌನ್‌ಔಟ್ (ವೋಲ್ಟೇಜ್ ಬಿದ್ರ ರೀಸೆಟ್ ಮಾಡೋ ಕಾವಲು) ಡಿಸೇಬಲ್, ಇಂಟರಪ್ಟ್ ಚಾಲೂ, ತಕ್ಷಣ ಸ್ಲೀಪ್ ಸಿಪಿಯು. ಕಡೀ ಮೂರರ ನಡುವ ಬ್ಯಾರೆ ಒಂದ ಸಾಲೂ ತುರುಕಬ್ಯಾಡ್ರಿ. ಬ್ರೌನ್‌ಔಟ್ ಬಂದ್ ಮಾಡು ಅಂತ ಹೇಳಿದ ಮ್ಯಾಲ ಮೂರು ಕ್ಲಾಕ್ ಒಳಗ ಮಲಗಲಿಲ್ಲ ಅಂದ್ರ ಆ ಮಾತು ರದ್ದು. ಇಂಟರಪ್ಟ್ ಚಾಲೂ ಮಾಡಿದ ಮ್ಯಾಲ ಮುಂದಿನ ಒಂದು ಇನ್‌ಸ್ಟ್ರಕ್ಷನ್ ಖಾತ್ರಿ ನಡದ ಮ್ಯಾಲನ ಇಂಟರಪ್ಟ್ ಬರೋದು, ಹಂಗಾಗಿ "ಮಲಗೋಕ್ಕಿಂತ ಒಂದು ಕ್ಷಣ ಮೊದಲ ಇಂಟರಪ್ಟ್ ಬಂದು ಹೋತು, ಈಗ ಎಬ್ಬಸೋರ ಇಲ್ಲ" ಅನ್ನೋ ಫಜೀತಿ ಆಗಂಗಿಲ್ಲ. ಬ್ರೌನ್‌ಔಟ್ ಬಂದ್ ಮಾಡಿದ್ರ 20ರ ಆಸುಪಾಸು ಮೈಕ್ರೋಆಂಪ್ ಉಳೀತೈತಿ, ಎದ್ದ ಕೂಡಲೇ ಅದು ತಾನ ಚಾಲೂ ಆಗ್ತೈತಿ. ಈ ಸೌಲಭ್ಯ ಹೆಸರಿನ ಕಡೀಕ ಪಿ ಇರೋ ಚಿಪ್ಪಿಗೆ ಮಾತ್ರ, ಸಾದಾ 328 ತಗೊಂಡಿದ್ರ ಸಿಗಂಗಿಲ್ಲ, ತಗೊಳ್ಳುವಾಗ ಚಿಪ್ಪಿನ ಮ್ಯಾಲಿನ ಅಕ್ಷರ ಓದ್ರಿ.

ಇಷ್ಟೆಲ್ಲಾ ಮಾಡಿ ಮೀಟರ್ ಹಚ್ಚಿದೆ, 8 ಮೈಕ್ರೋಆಂಪ್ ಬರಬೇಕಾದಲ್ಲಿ 108 ಬಂತು.

ನೂರು ಎಲ್ಲಿಂದ ಬಂತು ಅಂತ ಎರಡು ರಾತ್ರಿ ಹುಡುಕಿದೆ. ಬಿಸಿ ತೇವ ಅಳಿಯೋ ಸೆನ್ಸರ್ ಡಿಎಚ್‌ಟಿ 22, ಅದರ ಪವರ್ ನಾನು ಸೀದಾ ಕೊಟ್ಟಿರಲಿಲ್ಲ, ಚಿಪ್ಪಿನ ಒಂದು ಪಿನ್ನಿಂದ ಕೊಡತಿದ್ದೆ, ಬೇಕಾದಾಗ ಹೈ, ಆದಮ್ಯಾಲ ಲೋ, ಅದು ಎಳಿಯೋದು ಒಂದೂವರಿ ಮಿಲಿಆಂಪ್ ಅಷ್ಟ ಆದ್ದರಿಂದ ಪಿನ್ನಿಗೆ ಭಾರ ಇಲ್ಲ. ಪವರ್ ಬಂದ್ ಆಗೇತಿ, ಮತ್ತ ಸೋರೋದೆಲ್ಲಿ? ಸೆನ್ಸರಿನ ಮೂರೂ ವಾಯರ್ ಒಂದೊಂದ ಕಿತ್ತಿ ನೋಡಿದೆ, ಡೇಟಾ ವಾಯರ್ ಕಿತ್ತ ಕೂಡಲೇ ಮೀಟರ್ 8ಕ್ಕ ಇಳೀತು. ಆಗಿದ್ದೇನಂದ್ರ ಸೆನ್ಸರ್ ಓದೋ ಲೈಬ್ರರಿ (ತಯಾರ ಕೋಡ್) ಬರದವರು ಡೇಟಾ ಪಿನ್‌ಗೆ ಒಳಗಿನ ಪುಲ್‌ಅಪ್ (ಪಿನ್ನನ್ನ ಹೈ ಕಡೆ ಎಳಿಯೋ ರೆಸಿಸ್ಟರ್) ಹಚ್ಚಿ ಬಿಟ್ಟಿದ್ರು, ಸೆನ್ಸರ್ ಮಾಡ್ಯೂಲ್ ಮ್ಯಾಲ ಡೇಟಾಕ್ಕೂ ಪವರ್‌ಗೂ ನಡುವ 10 ಕಿಲೋಓಮ್ ರೆಸಿಸ್ಟರ್ ಇತ್ತು, ಕರೆಂಟು ಡೇಟಾ ಪಿನ್ನಿಂದ ಹೊರಟು ಆ ರೆಸಿಸ್ಟರ್ ದಾಟಿ ನಾನು ಲೋ ಮಾಡಿಟ್ಟ ಪವರ್ ಪಿನ್ನಿನಾಗ ಇಳದು ಹೋಗತಿತ್ತು. ಮುಂದಿನ ಬಾಗಲಾ ಹಾಕಿ ಹಿತ್ತಲ ಬಾಗಲಾ ತೆರದಿಟ್ಟಂಗ. ಮಲಗೋ ಮೊದಲ ಡೇಟಾ ಪಿನ್ನೂ ಔಟ್‌ಪುಟ್ ಮಾಡಿ ಲೋ ಇಟ್ಟೆ, ಮುಗೀತು. ನೀವು ಯಾವ ಸೆನ್ಸರ್ ಹಚ್ಚಿದ್ರೂ, ಪವರ್ ಕಟ್ ಮಾಡಿದ್ರ ಅದರ ಉಳದ ವಾಯರ್‌ಗಳನ್ನೂ ಒಂದ್ಸಲ ನೋಡ್ರಿ. ಹಂಗ ಉಪಯೋಗ ಇಲ್ಲದ ಪಿನ್ ಇನ್‌ಪುಟ್ ಮಾಡಿ ಗಾಳ್ಯಾಗ ಬಿಡಬ್ಯಾಡ್ರಿ, ಪುಲ್‌ಅಪ್ ಹಚ್ರಿ ಇಲ್ಲಾ ಔಟ್‌ಪುಟ್ ಮಾಡ್ರಿ, ಗಾಳ್ಯಾಗಿನ ಪಿನ್ ನಡುವಿನ ವೋಲ್ಟೇಜಿಗೆ ಬಂದು ನಿಂತ್ರ ಒಳಗಿನ ಬಫರ್ ಕರೆಂಟ್ ತಿಂತೈತಿ, ಅದೂ ಕೈ ಹತ್ರ ಒಯ್ದ್ರ ಮೀಟರ್ ಕುಣೀತೈತಿ, ದೆವ್ವ ಬಡದಂಗ.

ಸೆನ್ಸರಿಗೆ ಪವರ್ ಕೊಟ್ಟ ಮ್ಯಾಲ ಎರಡು ಸೆಕೆಂಡ್ ಬಿಟ್ಟು ಓದಬೇಕು. ಆ ಎರಡು ಸೆಕೆಂಡ್ ಡಿಲೇ ಹಾಕಬ್ಯಾಡ್ರಿ, ಪವರ್ ಡೌನ್‌ನಾಗೂ ಪಿನ್ನುಗಳು ತಮ್ಮ ಹೈ ಲೋ ಹಂಗ ಹಿಡ್ಕೊಂಡಿರ್ತಾವ, ಅಂದ್ರ ಪಿನ್ ಹೈ ಮಾಡಿ ವಾಚ್‌ಡಾಗ್ 2 ಸೆಕೆಂಡಿಗೆ ಇಟ್ಟು ಚಿಪ್ಪು ಮಲಗಬಹುದು, ಸೆನ್ಸರ್ ಎಚ್ಚರ ಇರ್ತೈತಿ.

ಇನ್ನ ಕ್ಲಾಕ್. ಭಾಳ ಮಂದಿ ಕ್ಲಾಕ್ ಇಳಿಸಿದ್ರ ಬ್ಯಾಟ್ರಿ ಉಳೀತೈತಿ ಅಂತ ಇಲ್ಲಿಂದಾನೇ ಶುರು ಮಾಡ್ತಾರ, ನಾನು ಬೇಕಂತ ಹಿಂದಿಟ್ಟೀನಿ. ಚಿಪ್ಪು ತಿನ್ನೋ ಪವರ್ ಕ್ಲಾಕಿಗೆ ತಕ್ಕಂಗ ಏರತೈತಿ, ವೋಲ್ಟೇಜಿನ ವರ್ಗಕ್ಕ ತಕ್ಕಂಗೂ ಏರತೈತಿ. ಡೇಟಾಶೀಟ್‌ನಾಗ 8 ಮೆಗಾಹರ್ಟ್ಜ್ 5 ವೋಲ್ಟಿಗೆ 5.2 ಮಿಲಿಆಂಪ್, 1 ಮೆಗಾಹರ್ಟ್ಜ್ 2 ವೋಲ್ಟಿಗೆ 0.3 ಮಿಲಿಆಂಪ್. ಹದಿನೇಳು ಪಟ್ಟು ಫರಕು, ಅದರಾಗ ಎಂಟು ಪಟ್ಟು ಕ್ಲಾಕಿಂದು, ಉಳಿದ ಎರಡು ಪಟ್ಟು ವೋಲ್ಟೇಜ್‌ದು. ಆದ್ರ ಕೆಲಸ ಅಷ್ಟ ಇರ್ತೈತಲ್ಲ, ಎಂಟು ಲಕ್ಷ ಬಡಿತದ ಕೆಲಸ 8 ಮೆಗಾಹರ್ಟ್ಜ್‌ನಾಗ 0.1 ಸೆಕೆಂಡಿಗೆ ಮುಗೀತೈತಿ, 1 ಮೆಗಾಹರ್ಟ್ಜ್‌ನಾಗ 0.8 ಸೆಕೆಂಡ್. ವೋಲ್ಟೇಜ್ ಅದ ಇದ್ರ ಕಡಿಮಿ ಕರೆಂಟು ಹೆಚ್ಚು ಹೊತ್ತು ಹರದು ಲೆಕ್ಕ ಅಲ್ಲಿಗಲ್ಲಿಗೇ ಬರತೈತಿ, ಮ್ಯಾಲ ಕ್ಲಾಕಿಗೆ ಸಂಬಂಧ ಇಲ್ಲದ ಚಿಲ್ಲರೆ ಖರ್ಚು ಎಂಟು ಪಟ್ಟು ಹೊತ್ತು ನಡೀತೈತಿ, ಅಂದ್ರ ನಷ್ಟನ. ಹಂಗಾಗಿ ಲೆಕ್ಕ ಮಾಡೋ ಕೆಲಸ ಇದ್ರ ಜೋರಾಗಿ ಓಡಿ ಮುಗಿಸಿ ಲಗೂನ ಮಲಗೋದ ಚಲೋ. ಕ್ಲಾಕ್ ಇಳಸೋದು ಎಲ್ಲಿ ಬೇಕಂದ್ರ, ಮಲಗಾಕೂ ಬರಂಗಿಲ್ಲ, ಕೆಲಸಾನೂ ಇಲ್ಲ, ಬರೇ ಕಾಯಬೇಕು ಅನ್ನೋ ಜಾಗಾದಾಗ. ಇನ್ನೊಂದು, ಕಡಿಮಿ ವೋಲ್ಟೇಜಿಗೆ ನಡಸಬೇಕು ಅಂದ್ರ: ಈ ಚಿಪ್ಪಿಗೆ 20 ಮೆಗಾಹರ್ಟ್ಜ್ ಬೇಕಂದ್ರ 4.5 ವೋಲ್ಟ್ ಇರಬೇಕು, 10ಕ್ಕ 2.7 ಸಾಕು, 4 ಮೆಗಾಹರ್ಟ್ಜ್‌ಗೆ 1.8. ಶೆಲ್ಲು ಇಳಕೋತ ಹೋದಂಗ ಜೋರು ಕ್ಲಾಕ್ ಮೊದಲ ಕೈ ಕೊಡತೈತಿ.

ಕ್ಲಾಕ್ ಇಳಸಾಕ ಪ್ರೀಸ್ಕೇಲರ್ ರಿಜಿಸ್ಟರ್ ಐತಿ, 1ರಿಂದ 256ರ ಮಟ ಭಾಗ ಮಾಡಬಹುದು, ಮೊದಲ ಅನುಮತಿ ಬಿಟ್ ಬರದು ನಾಕು ಬಡಿತದ ಒಳಗ ಬೇಕಾದ ಸಂಖ್ಯೆ ಬರೀಬೇಕು, ನಡುವ ಇಂಟರಪ್ಟ್ ಬಂದ್ರ ತಪ್ಪತೈತಿ, ಅದಕ್ಕ ಇಂಟರಪ್ಟ್ ಬಂದ್ ಮಾಡಿ ಬರೀರಿ, ಇಲ್ಲಾ ಎವಿಆರ್ (ಈ ಚಿಪ್ಪಿನ ಮನೆತನ) ಲೈಬ್ರರಿಯ ಕ್ಲಾಕ್ ಪ್ರೀಸ್ಕೇಲ್ ಸೆಟ್ ಫಂಕ್ಷನ್ ಕರೀರಿ, ಅದ ಎಲ್ಲಾ ನೋಡ್ಕೋತೈತಿ. ಇಳಿಸಿದ ಮ್ಯಾಲ ನಿಮ್ಮ ಪ್ರೋಗ್ರಾಮಿಗೆ ಇದು ಗೊತ್ತಿರಂಗಿಲ್ಲ ಅನ್ನೋದು ನೆನಪಿರ್ಲಿ, 8ರಿಂದ ಭಾಗ ಮಾಡಿದ್ರ ಒಂದು ಸೆಕೆಂಡಿನ ಡಿಲೇ ಎಂಟು ಸೆಕೆಂಡ್ ಆಗ್ತೈತಿ, 9600 ಬಾಡ್ ಇದ್ದಿದ್ದು 1200 ಆಗ್ತೈತಿ. ನಾನು ಇಳಿಸಿ ಡಿಎಚ್‌ಟಿ ಓದಿದೆ, ಎಷ್ಟು ಸಲ ಓದಿದ್ರೂ "ನಾಟ್ ಎ ನಂಬರ್" ಅಂತ ಬಂತು, ಯಾಕಂದ್ರ ಆ ಸೆನ್ಸರ್ ಒಂದೋ ಸೊನ್ನಿಯೋ ಅನ್ನೋದನ್ನ ಮೈಕ್ರೋಸೆಕೆಂಡ್ ಲೆಕ್ಕದಾಗ ಹೇಳತೈತಿ, ನಮ್ಮ ಚಿಪ್ಪು ಎಂಟು ಪಟ್ಟು ಮಂದ ಆಗಿ ಕೇಳಾಕತ್ತಿತ್ತು. ಓದೋ ಮೊದಲ ಪೂರ್ತಿ ಕ್ಲಾಕ್, ಓದಿದ ಮ್ಯಾಲ ಬೇಕಾದ್ರ ಇಳಸ್ರಿ.

ಹೊಸಾ ಬಿಡಿ ಚಿಪ್ಪು ತಗೊಂಡ್ರ ಅದು ಫ್ಯಾಕ್ಟರಿಯಿಂದ ಒಳಗಿನ 8 ಮೆಗಾಹರ್ಟ್ಜ್ ಆಸಿಲೇಟರ್ ಮ್ಯಾಲ, 8ರಿಂದ ಭಾಗ ಆಗಿ, 1 ಮೆಗಾಹರ್ಟ್ಜ್‌ನಾಗ ಓಡತಿರ್ತೈತಿ, ಎಲ್‌ಇಡಿ ನಿಧಾನ ಮಿಣಕಿದ್ರ ಗಾಬರಿ ಆಗಬ್ಯಾಡ್ರಿ. ಫ್ಯೂಜ್ ಬಿಟ್ (ಚಿಪ್ಪಿನ ಮೂಲ ಸೆಟಿಂಗ್) ಬದಲಿ ಮಾಡುವಾಗ ಮಾತ್ರ ಹುಷಾರ್, ಹೊರಗಿನ ಕ್ರಿಸ್ಟಲ್ ಅಂತ ಬರದು ಕ್ರಿಸ್ಟಲ್ ಹಚ್ಚಿರಲಿಲ್ಲ ಅಂದ್ರ ಚಿಪ್ಪು ಮಾತಾಡೋದ ಬಿಡತೈತಿ, ಮತ್ತ ಕ್ರಿಸ್ಟಲ್ ಹಚ್ಚಿನ ಎಬ್ಬಸಬೇಕು. ಒಳಗಿನ ಒಂದೊಂದ ಭಾಗಕ್ಕ ಕ್ಲಾಕ್ ಕಟ್ ಮಾಡಾಕ ಪವರ್ ರಿಡಕ್ಷನ್ ರಿಜಿಸ್ಟರೂ ಐತಿ, ಎಸ್‌ಪಿಐ, ಟೈಮರ್, ಯುಆರ್ಟ್ ಬ್ಯಾಡಾದ್ದು ಬಂದ್ ಮಾಡಬಹುದು, ಪವರ್ ಡೌನ್‌ನಾಗ ಹೆಂಗೂ ಎಲ್ಲಾ ಕ್ಲಾಕ್ ನಿಂತಿರೋದ್ರಿಂದ ನನಗ ಉಪಯೋಗ ಬರಲಿಲ್ಲ, ಐಡಲ್‌ನಾಗ ಮಲಗಸೋರಿಗೆ ಬರತೈತಿ. ಎಡಿಸಿ ಒಂದನ್ನ ಮಾತ್ರ ಮೊದಲ ಆಫ್ ಮಾಡಿ ಆಮ್ಯಾಲ ಕ್ಲಾಕ್ ಕಟ್ ಮಾಡ್ರಿ, ಉಲ್ಟಾ ಮಾಡಿದ್ರ ಅದನ್ನ ಆಫ್ ಮಾಡಾಕೂ ಬರಂಗಿಲ್ಲ.

ಡೇಟಾ ಇಡಾಕ ಎಸ್‌ಡಿ ಕಾರ್ಡ್ ಬ್ಯಾಡ ಅಂದೆ, ಅದು ಬರಿಯುವಾಗ ಹತ್ತಾರು ಮಿಲಿಆಂಪ್ ಕೇಳತೈತಿ. ಚಿಪ್ಪಿನೊಳಗ 1024 ಬೈಟ್ ಇಇಪ್ರಾಮ್ (ಕರೆಂಟು ಹೋದ್ರೂ ಉಳಿಯೋ ಮೆಮೊರಿ) ಐತಿ, ಒಂದು ಸಲಕ್ಕ ಬಿಸಿ ಒಂದು ಬೈಟು, ತೇವ ಒಂದು ಬೈಟು, 512 ರೀಡಿಂಗ್, ತಾಸಿಗೊಂದರಂಗ 21 ದಿನ. ದ್ರಾಕ್ಷಿ ಒಣಗೋದೂ ಅಷ್ಟ ದಿನ, ಹೇಳಿ ಮಾಡಿಸಿದಂಗ ಆತು. ಬರದದ್ದು ಮುಗಿಯೋಕ ಬೈಟಿಗೆ ಮೂರು ಮಿಲಿಸೆಕೆಂಡ್ ಮ್ಯಾಲ ಬೇಕು, ಮುಗಿಯೋ ತನಕ ಕಾದು ಆಮ್ಯಾಲ ಮಲಗಸ್ರಿ, ನಡುವ ಮಲಗಿಸಿದ್ರ ಬರಿಯೋದು ಮುಗೀತೈತಿ ಖರೆ, ಆಸಿಲೇಟರ್ ಮಾತ್ರ ಬಂದ್ ಆಗದ ಹಂಗ ಓಡತಿರ್ತೈತಿ, ನಿದ್ದಿ ಪೂರ್ತಿ ಆಗಂಗಿಲ್ಲ.

ವಾಚ್‌ಡಾಗ್‌ನ ಗಡಿಯಾರ ಅಂತ ನಂಬಬ್ಯಾಡ್ರಿ. ಅದರ 128 ಕಿಲೋಹರ್ಟ್ಜ್ ಆಸಿಲೇಟರ್ ಬಿಸಿಗೂ ವೋಲ್ಟೇಜಿಗೂ ಹೊಯ್ದಾಡತೈತಿ, ನಮ್ಮ ಕಡೆ ಏಪ್ರಿಲ್ ಬಿಸಲಾಗ ತಗಡಿನ ಕೆಳಗ ಕೇಳೋದ ಬ್ಯಾಡ. ನನಗ ಒಂದು ತಾಸು ಹೆಚ್ಚುಕಡಿಮಿ ನಡೀತೈತಿ. ನಿಮಗ ಟೈಮ್ ಖಡಕ್ ಬೇಕಂದ್ರ ಡಿಎಸ್ 3231 ಆರ್‌ಟಿಸಿ (ಗಡಿಯಾರದ ಚಿಪ್ಪು) ಹಚ್ಚಿ ಅದರ ಅಲಾರ್ಮ್ ಪಿನ್ನಿಂದ ಎಬ್ಬಸ್ರಿ, ಆ ಪಿನ್ನಿಗೆ ಪುಲ್‌ಅಪ್ ಬೇಕು, ಮಾಡ್ಯೂಲ್ ಮ್ಯಾಲಿನ ಎಲ್‌ಇಡಿ ಅದನ್ನೂ ಕೀಳ್ರಿ.

ಬ್ಯಾರೆ ಚಿಪ್ಪಿನವರಿಗೆ ಎರಡು ಮಾತು. ಎಸ್‌ಟಿಎಂ 32ದಾಗ ಲೆಕ್ಕ ಉಲ್ಟಾ, ಶುರುವಿಗೆ ಬಹುಪಾಲು ಭಾಗದ ಕ್ಲಾಕ್ ಬಂದ್ ಇರ್ತೈತಿ, ನೀವ ಒಂದೊಂದ ಚಾಲೂ ಮಾಡಬೇಕು. ಅದರಾಗಿನ ಎಫ್ 103 ಚಿಪ್ಪು ಸ್ಟಾಪ್ ಮೋಡ್‌ನಿಂದ ಎದ್ದಾಗ 72 ಮೆಗಾಹರ್ಟ್ಜ್ ಬಿಟ್ಟು ಒಳಗಿನ 8 ಮೆಗಾಹರ್ಟ್ಜ್ ಮ್ಯಾಲ ಏಳ್ತೈತಿ, ಕ್ಲಾಕ್ ಸೆಟ್ ಮಾಡೋ ಫಂಕ್ಷನ್ ಮತ್ತ ಕರೀಲಿಲ್ಲ ಅಂದ್ರ ಯುಆರ್ಟ್‌ನಾಗ ಕಸ. ಮಲಗಿದ ಚಿಪ್ಪಿಗೆ ಡಿಬಗರ್ (ಕೋಡ್ ತಪಾಸಣಿ ಮಾಡೋ ಸಾಧನ) ಹತ್ತಲಿಲ್ಲ ಅಂದ್ರ ಸತ್ತೈತಿ ಅಂತ ಒಗೀಬ್ಯಾಡ್ರಿ, ರೀಸೆಟ್ ಹಿಡದು ಕನೆಕ್ಟ್ ಮಾಡ್ರಿ. ಇಎಸ್‌ಪಿ 32 ಚಿಪ್ಪು ಡೀಪ್ ಸ್ಲೀಪ್‌ನಾಗ 10 ಮೈಕ್ರೋಆಂಪ್ ಆದ್ರೂ ಡೆವ್ ಬೋರ್ಡ್ ಮಿಲಿಆಂಪ್ ಲೆಕ್ಕದಾಗ ತಿಂತೈತಿ, ಅದೇ ಬೀಗರ ಕಥಿ. ಅದು ಎದ್ದಾಗ ಪ್ರೋಗ್ರಾಮ್ ಮೊದಲಿಂದ ಶುರು, ಎಣಿಕಿ ಉಳಿಬೇಕಂದ್ರ ಆರ್‌ಟಿಸಿ ಮೆಮೊರಿಯಾಗ ಇಡ್ರಿ. ಕ್ಲಾಕ್ 240ರಿಂದ 80 ಮೆಗಾಹರ್ಟ್ಜ್‌ಗೆ ಇಳಸಬಹುದು, ವೈಫೈ ಬೇಕಂದ್ರ 80ರ ಕೆಳಗ ಇಳಸಾಕ ಬರಂಗಿಲ್ಲ.

ನನ್ನ ಡಬ್ಬಿ ಈಗ ಸರಾಸರಿ 10 ಮೈಕ್ರೋಆಂಪ್ ಎಳೀತೈತಿ. ಭಾಗ ಹಾಕಿದ್ರ ಇಪ್ಪತ್ತು ವರ್ಷದ ಮ್ಯಾಲ ಬರತೈತಿ, ಅಷ್ಟು ದಿನ ಶೆಲ್ಲೇ ಬಾಳಂಗಿಲ್ಲ ಬಿಡ್ರಿ, ಸೋರಿ ಹಸರು ಹಿಡೀತಾವ. ಒಯ್ದು ಶೆಡ್‌ನಾಗ ತೂಗಹಾಕಿದೆ, ಮಾಮಾ ನೋಡಿದ್ರು, ಸುತ್ತ ತಿರಗಿ ನೋಡಿದ್ರು, "ದೀಪ ಎಲ್ಲೈತಪಾ? ಬದುಕೈತೋ ಸತ್ತೈತೋ ನನಗ ಹೆಂಗ ತಿಳೀಬೇಕು?" ತಾಸಿಗೊಮ್ಮೆ ಮಿಣಕಸ್ತೀನಿ ಅಂದೆ, ಅದಕ್ಕ ಖರ್ಚ ಇಲ್ಲ. "ತಾಸುಗಟ್ಲೆ ಅದರ ಮುಂದ ನಿಂದ್ರಲೇನು?" ಅಂದ್ರು. 8 ಸೆಕೆಂಡಿಗೊಮ್ಮೆ 5 ಮಿಲಿಆಂಪ್‌ದಾಗ 16 ಮಿಲಿಸೆಕೆಂಡ್ ಹಚ್ಚಿದ್ರ ಸರಾಸರಿ ಇನ್ನೊಂದು 10 ಮೈಕ್ರೋಆಂಪ್, ಡಬ್ಬಿ ತಿನ್ನೋದ ಡಬಲ್. ಕಡೀಕ ಎಲ್‌ಇಡಿಗೆ 2.2 ಕಿಲೋಓಮ್ ರೆಸಿಸ್ಟರ್ ಹಾಕಿ 1 ಮಿಲಿಆಂಪ್‌ಗೆ ಇಳಿಸಿದೆ, ಹಚ್ಚಿ ವಾಚ್‌ಡಾಗ್‌ನ ಸಣ್ಣ ಟೈಮ್ 16 ಮಿಲಿಸೆಕೆಂಡಿಗೆ ಇಟ್ಟು ಚಿಪ್ಪು ಮಲಗಿಸಿದೆ, ಎದ್ದು ಆರಿಸಿ ಮತ್ತ 8 ಸೆಕೆಂಡ್. 2 ಮೈಕ್ರೋಆಂಪ್‌ದಾಗ ಮುಗೀತು. ಹಗಲಾಗ ಕಾಣಂಗಿಲ್ಲ, ಸಂಜಿ ಮುಂದ ಶೆಡ್ ಒಳಗ ನಿಂತ್ರ ಕಾಣತೈತಿ.